ಬ್ಯಾಡಗಿಯಲ್ಲಿ ಒಂದು ದಿನದ ಸಂಸಾರ

ಹಾವೇರಿಯ ಕೋರ್ಟಿನಲ್ಲಿ ನಾನು ನಕಲು ವಿಭಾಗದ ಗುಮಾಸ್ತ. ಕಾಗದದ ನಕಲಿಗೆ ಸರಕಾರ ಪಗಾರ ಕೊಡುತ್ತದೆ, ಮಂದಿಯ ನಕಲನ್ನು ಪುಕ್ಕಟೆ ಮಾಡುತ್ತೇನೆ. ಬಸ್ಸಿನ ಕಂಡಕ್ಟರು, ರೈಲ್ವೆ ಸ್ಟೇಷನ್ನಿನ ಮೈಕು, ನಮ್ಮ ಹೆಡ್ ಕ್ಲರ್ಕರ ಕೆಮ್ಮು, ಎಲ್ಲವೂ ಬರುತ್ತವೆ. ಎಲ್ಲಕ್ಕಿಂತ ಚೆನ್ನಾಗಿ ಬರುವುದು ನನ್ನ ತಾಯಿ ಮೈಮುನಾಬಿಯ ದನಿ. ಹೋದ ತಿಂಗಳು ಗೆಳೆಯನೊಬ್ಬನ ಫೋನಿನಿಂದ ಅಮ್ಮನ ದನಿಯಲ್ಲಿ ಮಾತಾಡಿ, ನನ್ನ ಹೆಂಡತಿ ಅಲ್ಮಾಸಳಿಂದ ಮೂರು ಕಿಲೋ ಬದನೆಕಾಯಿ ತರಿಸಿದ್ದೆ. ಆಕೆ ಎರಡು ದಿನ ಮಾತು ಬಿಟ್ಟಳು. ನಾವು ನಾಲ್ಕು ದಿನ ಬದನೆಕಾಯಿ ತಿಂದೆವು.

ಹಾಗೆ ನೋಡಿದರೆ ಮನೆಯಲ್ಲಿ ನಗುವ ಕಾಲ ಅದಾಗಿರಲಿಲ್ಲ. ಅಲ್ಮಾಸಳಿಗೆ ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರ ಲ್ಯಾಬಿನ ಕೆಲಸ ಸಿಕ್ಕಿತ್ತು. ಒಂಬತ್ತಕ್ಕೆ ಗೇಟು ಮುಚ್ಚುತ್ತಿತ್ತು. ನಾವಿದ್ದದ್ದು ಹೊಸರಿತ್ತಿಯಲ್ಲಿ. ಅಲ್ಲಿಂದ ಹಾವೇರಿಗೆ ಒಂದು ಬಸ್ಸು, ಹಾವೇರಿಯಿಂದ ರಾಣೆಬೆನ್ನೂರಿಗೆ ಇನ್ನೊಂದು. ಮೊದಲ ತಿಂಗಳೇ ನಾಲ್ಕು ಸಲ ತಡವಾಗಿ, ಐದನೆಯ ಸಲ ತಡವಾದರೆ ಬರುವುದೇ ಬೇಡವೆಂದು ಹೇಳಿಸಿಕೊಂಡು ಬಂದಿದ್ದಳು. ಒಂದೋ ಮನೆ ಬದಲಿಸಬೇಕು, ಇಲ್ಲ ಕೆಲಸ ಬಿಡಬೇಕು.

ನಾನು ಮೊಬೈಲಿನ ನಕಾಶೆ ತೆರೆದು ಹಾವೇರಿಯ ಮೇಲೊಂದು ಬೆರಳು, ರಾಣೆಬೆನ್ನೂರಿನ ಮೇಲೊಂದು ಬೆರಳು ಇಟ್ಟೆ. ನಡುವೆ ಬ್ಯಾಡಗಿ ಕೂತಿತ್ತು. ನನಗೂ ಮುಕ್ಕಾಲು ತಾಸು, ಆಕೆಗೂ ಮುಕ್ಕಾಲು ತಾಸು. ಇದಕ್ಕಿಂತ ನ್ಯಾಯವಾದ ತೀರ್ಪನ್ನು ನಾನು ನಕಲು ಮಾಡಿದ್ದೇ ಇಲ್ಲ. ಭಾನುವಾರ ಹೋಗಿ ಮನೆ ನೋಡಿದೆವು. ಎರಡು ಕೋಣೆ, ಮುಂದೆ ಕಟ್ಟೆ, ಕೂಗಳತೆಯಲ್ಲಿ ಶಾಲೆ. ಎದುರು ಮನೆಯ ಕರೆವ್ವ ನಮ್ಮ ಆರು ವರ್ಷದ ಅಫ್ರೀನ್‌ಳನ್ನು ಕಂಡ ಕೂಡಲೇ ಒಳಗೆ ಕರೆದು ಶೇಂಗಾ ಉಂಡಿ ಕೊಟ್ಟಳು.

ಬ್ಯಾಡಗಿ ಬ್ಯಾಡ ಅಂದವಳು ಅಮ್ಮ ಒಬ್ಬಳೇ.

“ಇವತ್ತ ಊರು ಸುಮ್ನ ಮಲಗೈತಿ,” ಎಂದಳು. “ಸೋಮವಾರ ಬೇಸ್ತವಾರ ಮೆಣಸಿನಕಾಯಿ ಪ್ಯಾಟಿ. ಆ ಘಾಟು ಈ ಕೂಸಿಗೆ ಆಗೂದಿಲ್ಲ.”

“ಅಮ್ಮಾ, ಆಕೀಗೆ ದಮ್ಮು ಬಂದು ವರ್ಷ ಆತು. ಆರಾಮಾಗ್ಯಾಳ,” ಎಂದೆ.

ಅಲ್ಮಾಸ ಇಬ್ಬರ ಮಾತೂ ಕೇಳಲಿಲ್ಲ. ಒಂದು ಕೆಲಸದ ದಿನ ಇದೇ ಮನೆಯಲ್ಲಿದ್ದು, ಇಲ್ಲಿಂದಲೇ ಹೋಗಿ ಬಂದು ನೋಡೋಣ ಎಂದಳು. ಮನೆಯ ಮಾಲೀಕ ಶಂಕ್ರಪ್ಪ ಬೀಗದ ಕೈ ಕೊಡುತ್ತ, “ಅಂಗಡ್ಯಾಗ ಅಂಗಿ ಹಾಕ್ಕೊಂಡು ನೋಡಿದಂಗ ಮನೀನೂ ಹಾಕ್ಕೊಂಡು ನೋಡಾವ್ರನ್ನ ಇವತ್ತ ಕಂಡೆ,” ಎಂದರು. “ಆದ್ರ ನಾಳಿ ಸಂಜಿ ಆರಕ್ಕ ಹೂಂ ಅಥವಾ ಊಹೂಂ ಹೇಳಬೇಕ್ರಿ. ಮತ್ತೊಬ್ಬರು ಕಾಯಾಕತ್ತ್ಯಾರ.”

ಸಂಜೆ ಚಾಪೆ, ಸ್ಟೋವು ತಂದು ಅಲ್ಲೇ ಉಳಿದೆವು. ಸೋಮವಾರ ಬೆಳಿಗ್ಗೆ ಅಮ್ಮನನ್ನೂ ಮಗಳನ್ನೂ ಮನೆಯಲ್ಲಿ ಬಿಟ್ಟು ನಾವಿಬ್ಬರು ಬಸ್‌ಸ್ಟ್ಯಾಂಡಿಗೆ ನಡೆದೆವು. ಐದೇ ನಿಮಿಷದ ಹಾದಿ. ಅಲ್ಮಾಸಳ ಮುಖ ತುಸು ಸಡಿಲವಾಗಿತ್ತು. ನಾನು ಸೆರಗು ಹೊದ್ದಂತೆ ಮಾಡಿ, ಅಮ್ಮನ ಗಂಟಲು ತೆಗೆದೆ: “ಅಲ್ಮಾಸ, ಕೂಸಿಗೆ ದಮ್ಮು ಹತ್ತೈತಿ. ಲಗೂ ಬಾ.”

ಆಕೆ ನಕ್ಕಳು. ಎಷ್ಟೋ ವಾರದ ಮೇಲೆ ನಕ್ಕಿದ್ದಳು. “ಹೊಸಾ ನಂಬರಿನಿಂದ ಫೋನ್ ಮಾಡಿ ಹಿಂಗ ಅಂದ್ರ ನೋಡ್ರಿ ಮತ್ತ. ನಾ ಈ ಸಲ ಬದನಿಕಾಯಿ ತರಾಕಿ ಅಲ್ಲ.”

ಎಂಟೂ ಮುಕ್ಕಾಲಿಗೆ ಆಕೆಯ ಸಂದೇಶ ಬಂತು. ಗೇಟಿನೊಳಗೆ ಇದ್ದಳು. ನಾನು ನನ್ನ ಮೇಜಿನ ಮುಂದೆ ಕೂತು, ಶಂಕ್ರಪ್ಪನವರಿಗೆ ಹೂಂ ಎನ್ನುವುದೊಂದೇ ಬಾಕಿ ಎಂದುಕೊಂಡೆ.

ಹನ್ನೊಂದೂಕಾಲಿಗೆ ಗುರುತಿಲ್ಲದ ನಂಬರಿನಿಂದ ಫೋನು.

“ಸಮೀ, ಕೂಸಿಗೆ ದಮ್ಮು ಹತ್ತೈತಿ,” ಎಂದಳು ಅಮ್ಮ. ಬೆಳಿಗ್ಗೆ ನಾನು ಆಡಿದ್ದೇ ಮಾತು, ಅದೇ ಏರಿಳಿತ. ಹಿಂದೆ ಮಾತ್ರ ನಾನು ಮಾಡದ ಒಂದು ಸಪ್ಪಳವಿತ್ತು. ಅಫ್ರೀನ್‌ಳ ಎದೆ ಸಿಳ್ಳೆ ಹೊಡೆಯುತ್ತಿತ್ತು.

“ದಮ್ಮಿನ ಔಷಧದ ಪಂಪ್ ಎಲ್ಲೈತಿ ಅಮ್ಮಾ?”

“ಅದನ್ನ ಕೇಳಾಕ ನಿನ್ನ ಹೇಂತಿಗೆ ಹಚ್ಚಿದ್ದೆ. ನನ್ನ ಫೋನ್ ಬಂದ್ ಬಿದ್ದೈತಿ, ಕರೆವ್ವನ ಫೋನಿನಿಂದ ಹಚ್ಚಿದೆ. ‘ನಿಮ್ಮ ತಲಿ ಮ್ಯಾಲೈತಿ, ಸುಮ್ನ ಕೆಲಸ ನೋಡ್ರಿ’ ಅಂದು ಕಟ್ ಮಾಡಿದ್ಲು. ನಾ ಏನ ಮಾಡೀನಪಾ ಆಕೀಗೆ?”

ನನಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಅಮ್ಮನಿಗೆ ಏನೂ ತಿಳಿದಿರಲಿಲ್ಲ. ಪಂಪು ಅಲ್ಮಾಸಳ ಕೈಚೀಲದಲ್ಲೇ ಉಳಿದಿತ್ತು. ಹೊಸರಿತ್ತಿಯ ಮನೆಯಲ್ಲಿ ಅದು ಗೂಡಿನಲ್ಲಿರುತ್ತಿತ್ತು, ಇಲ್ಲಿಗೆ ಬರುವಾಗ ಚೀಲಕ್ಕೆ ಹಾಕಿಕೊಂಡದ್ದನ್ನು ತೆಗೆದಿಡುವುದು ಯಾರ ನೆನಪಿಗೂ ಬಂದಿರಲಿಲ್ಲ.

ಅಲ್ಮಾಸಳಿಗೆ ಹಚ್ಚಿದೆ. ರಿಂಗಾಯಿತು, ನಿಂತಿತು. ಮತ್ತೆ ಹಚ್ಚಿದೆ. ಚಹಾದ ಬಿಡುವು ಮುಗಿದಿತ್ತು, ಲ್ಯಾಬಿನೊಳಗೆ ಹೋಗುವಾಗ ಫೋನನ್ನು ಕಪಾಟಿನಲ್ಲಿಟ್ಟು ಹೋಗಬೇಕಿತ್ತು. ಊಟದ ಹೊತ್ತಿನ ತನಕ ಅದು ಅಲ್ಲೇ ಬಡಿದುಕೊಳ್ಳುತ್ತಿತ್ತು.

ಹೆಡ್ ಕ್ಲರ್ಕರ ಮುಂದೆ ನಿಂತು, ಮಗಳಿಗೆ ಉಸಿರು ಸಿಗುತ್ತಿಲ್ಲ, ಹೋಗಬೇಕು ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. ತುಟಿಯ ಮೂಲೆ ಆಗಲೇ ನಗುವಿಗೆ ಅಣಿಯಾಗಿತ್ತು.

“ಇದು ಯಾರ ದನಿ?”

“ನಂದ್ರಿ,” ಎಂದೆ.

ಅವರು ತಮ್ಮ ಬೈಕಿನ ಕೀಲಿ ಮೇಜಿನ ಮೇಲಿಟ್ಟರು.

ಹೆದ್ದಾರಿ ಸರಿದದ್ದೇ ತಿಳಿಯಲಿಲ್ಲ. ಮೋಟೆಬೆನ್ನೂರಿನ ಹತ್ತಿರ ಬ್ಯಾಡಗಿಯ ರಸ್ತೆಗೆ ತಿರುಗಿದೆ. ಊರು ಇನ್ನೇನು ಬಂತು ಎನ್ನುವಾಗ ಲಾರಿ, ಅದರ ಹಿಂದೆ ಟ್ರ್ಯಾಕ್ಟರು, ಮತ್ತೆ ಲಾರಿ. ಮೆಣಸಿನಕಾಯಿ ಚೀಲದ ಗೋಡೆಯೊಂದು ರಸ್ತೆಗೆ ಅಡ್ಡ ನಿಂತಂತಿತ್ತು. ಚಾಲಕರು ಇಳಿದು ಎಲೆ ಅಡಿಕೆ ಹಾಕುತ್ತ ನಿಂತಿದ್ದರು. ಯಾರಿಗೂ ಅವಸರವಿರಲಿಲ್ಲ. ಬೈಕು ತೂರಿಸುವಷ್ಟೂ ಸಂದಿಯಿರಲಿಲ್ಲ. ಚಹಾದಂಗಡಿಯ ಮುಂದೆ ಬೈಕು ಬಿಟ್ಟು ಓಡಿದೆ. ಗಾಳಿಯಲ್ಲಿ ಕಾಣದ ಕೆಂಪು ಪುಡಿಯಿತ್ತು. ಗಟ್ಟಿಮುಟ್ಟಾದ ನನಗೇ ಗಂಟಲು ಕಚ್ಚಿ, ಕಣ್ಣು ನೀರಾಡಿ, ಎರಡು ಸಲ ನಿಂತು ಕೆಮ್ಮಬೇಕಾಯಿತು. ಹಾಗೆ ಕೆಮ್ಮುವಾಗಲೆಲ್ಲ ಅಂಗೈಯಗಲದ ಮಗಳ ಎದೆ ನೆನಪಾಗುತ್ತಿತ್ತು.

ಕರೆವ್ವನ ನಂಬರಿಗೆ ಹಚ್ಚಿದೆ. ಎತ್ತಲಿಲ್ಲ.

ಮನೆಯ ಬಾಗಿಲು ಹಾರು ಹೊಡೆದಿತ್ತು. ಚಾಪೆ ಮುದುಡಿ ಬಿದ್ದಿತ್ತು, ತಂಬಿಗೆ ಉರುಳಿ ನೀರು ಹೊಸಿಲ ತನಕ ಹರಿದಿತ್ತು. ಯಾರೂ ಇರಲಿಲ್ಲ. ಎದುರಿನ ಕಟ್ಟೆಯ ಮೇಲೆ ಬಾಯಿ ಬಿಚ್ಚಿದ ಮೆಣಸಿನಕಾಯಿ ಚೀಲ, ಪಕ್ಕದಲ್ಲಿ ತೊಟ್ಟಿನ ರಾಶಿ. ತೊಟ್ಟು ಬಿಡಿಸುತ್ತ ಕೂತವಳು ಅರ್ಧಕ್ಕೇ ಎದ್ದುಹೋಗಿದ್ದಳು. ಮಗಳ ಹೆಸರು ಹಿಡಿದು ಕೂಗುತ್ತ ಓಣಿಗೆ ಓಡಿದೆ.

ಓಣಿಯ ತುದಿಯಿಂದ ಶಂಕ್ರಪ್ಪ ಕೈ ಬೀಸಿದರು. “ಹಿಂದಿನ ಓಣಿ ಡಾಕ್ಟರ ಕಡೆ ಹೋಗ್ಯಾರ್ರಿ. ಕರೆವ್ವ ಹೊತಗೊಂಡ ಓಡಿದ್ಲು.”

ದವಾಖಾನೆಯ ಬೆಂಚಿನ ಮೇಲೆ ಅಫ್ರೀನ್ ಅಜ್ಜಿಗೆ ಒರಗಿ ಕೂತಿದ್ದಳು. ಮೂಗು ಬಾಯಿಗೆ ಪ್ಲಾಸ್ಟಿಕ್ಕಿನ ಮುಖವಾಡ, ಅದರಿಂದ ಬೆಳ್ಳನೆ ಹಬೆ. ಕುತ್ತಿಗೆಯ ಕುಳಿ ಒಳಕ್ಕೆ ಹೋಗಿ ಹೋಗಿ ಬರುತ್ತಿತ್ತು. “ತುಟಿ ಬಣ್ಣ ತಿರುಗಾಕತ್ತಿತ್ತು. ಈಗ ಪರವಾ ಇಲ್ಲ,” ಎಂದರು ಡಾಕ್ಟರು. ಕರೆವ್ವ ಬಾಗಿಲ ಬಳಿ ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದಳು. ಬೆರಳಿಗೆ ಹತ್ತಿದ ಖಾರ ಮಗುವಿಗೆ ತಾಗಬಾರದೆಂದು, ಅಂಗೈ ಮುಟ್ಟಿಸದೆ ಮೊಣಕೈಗಳ ಮೇಲೇ ಆಕೆಯನ್ನು ಹೊತ್ತು ತಂದಿದ್ದಳಂತೆ.

“ನಿನ್ನ ದೊಡ್ಡ ಉಪಕಾರ ಆತಬೇ,” ಎಂದೆ.

“ಉಪಕಾರ ಇರ್ಲಿ. ಈ ಕೂಸಿನ್ನ ಕಟಗೊಂಡು ಇಲ್ಲಿಗೆ ಬರಬ್ಯಾಡ್ರಿ,” ಎಂದಳು. “ನೀವು ಬಂದ್ರ ನಾ ಖುಷೀಲೆ ನೋಡ್ಕೋತೇನಿ. ಆದ್ರ ಕಟ್ಟಿ ಮ್ಯಾಲಿನ ಚೀಲ ಬಿಡಾಕ ಬರೂದಿಲ್ಲ ನನಗ. ನನ್ನ ಹೊಟ್ಟಿ ಅದರಾಗೈತಿ.”

ಅಮ್ಮ ನನ್ನತ್ತ ನೋಡಲಿಲ್ಲ.

ಊಟದ ಹೊತ್ತಿಗೆ ಹದಿನಾಲ್ಕು ಮಿಸ್ಡ್ ಕಾಲ್ ಕಂಡ ಅಲ್ಮಾಸ, ಮೂರು ಗಂಟೆಗೆ ಬಂದಳು. ಕೈಯಲ್ಲಿ ಪಂಪನ್ನು ಬಿಗಿಯಾಗಿ ಹಿಡಿದೇ ಬಸ್ಸಿನಲ್ಲಿ ಕೂತಿದ್ದಳೆಂದು ಕಾಣುತ್ತದೆ, ಬೆರಳುಗಳ ಮೇಲೆ ಅದರ ಅಚ್ಚು ಮೂಡಿತ್ತು. ಮಗಳ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತಳು.

“ಅಮ್ಮಾ, ಇವರ ಅಂತ ತಿಳಕೊಂಡ್ನಿ. ಮುಂಜಾನೆ ಇದ ಮಾತು ನಿಮ್ಮ ದನಿಯಾಗ ಆಡಿದ್ರು.”

ಅಮ್ಮ ಈಗ ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಅರವತ್ತು ವರ್ಷ ಇದ ದನೀಲೆ ಬಾಳೇವು ಮಾಡೇನಿ,” ಎಂದಳು. “ಇವತ್ತ ಒದರಿ ಒದರಿ ಹೇಳಿದ್ರೂ ನಾನ ಮೈಮುನಾಬಿ ಅಂತ ನಂಬಸಾಕ ಆಗಲಿಲ್ಲ.”

ಡಾಕ್ಟರು ಹೊರಗೆ ಬಂದು, ಮೆಣಸಿನಕಾಯಿಯ ಹಂಗಾಮು ಮುಗಿಯುವವರೆಗೆ ಈ ಊರಿಗೆ ಕರೆತರಲೇಬೇಡಿ ಎಂದು ಹೇಳಿ ಹೋದರು.

ಅಲ್ಮಾಸ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂದಲು ಸರಿಮಾಡುತ್ತ, ಯಾರನ್ನೂ ನೋಡದೆ ಅಂದಳು: “ನಾ ಕೆಲಸ ಬಿಡತೇನಿ.”

ಅವಳು ಎಮ್ಮೆಸ್ಸಿ ಮುಗಿಸಿ ಏಳು ವರ್ಷ ಕಾದಿದ್ದ ಕೆಲಸವದು. ಬಿಡಬೇಡ ಎನ್ನುವುದು ಸುಲಭವಿತ್ತು. ಬಿಡದೆ ಏನು ಮಾಡಬೇಕೆಂದು ಹೇಳುವವನು ನಾನಾಗಬೇಕಿತ್ತು. ರಾಣೆಬೆನ್ನೂರಿನ ಹಲಗೇರಿ ರಸ್ತೆಯಲ್ಲಿ ಇನ್ನೊಂದು ಮನೆ ನೋಡಿದ್ದೆವು. ಅವಳ ಗೇಟಿಗೆ ಹತ್ತು ನಿಮಿಷ, ಹಿಂದೆ ಹೊಲ, ಪಕ್ಕದಲ್ಲೇ ಶಾಲೆ. ಅಲ್ಲಿಂದ ಹಾವೇರಿಗೆ ದಿನಾ ಓಡಾಡುವುದು ನನಗೆ ದೂರವೆಂದು ನಾನೇ ತಳ್ಳಿಹಾಕಿದ್ದೆ. ನಕಾಶೆಯ ನಡುವೆ ಬೆರಳಿಟ್ಟದ್ದು ನ್ಯಾಯಕ್ಕಲ್ಲ, ನನ್ನ ಮುಕ್ಕಾಲು ತಾಸಿಗೆ.

“ರಾಣೆಬೆನ್ನೂರಿನ ಆ ಮನೀನ ಹಿಡಿ. ಕೂಸಿನ ಹತ್ರ ಅದರ ತಾಯಿ ಇರ್ಲಿ,” ಎಂದಳು ಅಮ್ಮ. “ನೀ ಬಸ್ಸಿನ್ಯಾಗಿರು.”

ಶಂಕ್ರಪ್ಪನವರಿಗೆ ಆರು ಹೊಡೆಯುವ ಮೊದಲೇ ಊಹೂಂ ಹೇಳಿದೆ. ಹಲಗೇರಿ ರಸ್ತೆಯ ಮನೆಯ ಮಾಲೀಕ ಮಹಮ್ಮದ್ ಹನೀಫ್‌ಗೆ ಫೋನು ಹಚ್ಚಿದೆ.

“ಮನಿ ಖಾಲಿ ಐತ್ರಿ,” ಎಂದರು ಅವರು. “ಆದ್ರ ಭಾಳ ದೂರ ಅಂದಿದ್ರಲ್ಲ ನೀವು?”

“ನನಗಷ್ಟ ದೂರ್ರಿ.”

“ನೀವು ಮನೀಗೆ ಬರೂದ್ರಾಗ ಏಳೂವರಿ ಆಗತೈತಿ,” ಎಂದಳು ಅಲ್ಮಾಸ ಮೆಲ್ಲಗೆ.

“ಆಗ್ಲಿ.”

ಆಗ ಅಫ್ರೀನ್ ಒಮ್ಮೆ ಕೆಮ್ಮಿದಳು. ಅಲ್ಮಾಸಳ ಕೈ ಅವಳ ಬೆನ್ನ ಮೇಲೆ ನಿಂತಿತು, ಅಮ್ಮ ಎದ್ದು ನಿಂತಳು, ಕರೆವ್ವ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದಳು. ಎಲ್ಲರೂ ಎರಡನೆಯ ಕೆಮ್ಮಿಗೆ ಕಾದೆವು. ಬರಲಿಲ್ಲ. ಮಗಳು ಮಗ್ಗುಲು ತಿರುಗಿ ತಾಯಿಯ ತೊಡೆಯ ಮೇಲೆ ಕೆನ್ನೆ ಇಟ್ಟಳು.

“ಹಲೋ, ಅದೀರೇನ್ರಿ?” ಎಂದರು ಹನೀಫ್.

“ಇಲ್ಲೇ ಅದೇನ್ರಿ,” ಎಂದೆ. “ಇವತ್ತ ಬರತೇವಿ.”