ಒಂದು ಕಿಲೋ ನೂರು ಗ್ರಾಮಿನ ನಾಚಿಕೆ

ನಾನು ಒಂದು ಲ್ಯಾಪ್‌ಟಾಪ್. ಬೂದು ಬಣ್ಣ, ಬೆರಳು ದಪ್ಪದ ಮೈ, ತೂಕ ಒಂದು ಕಿಲೋ ನೂರು ಗ್ರಾಂ. ಯಾರೂ ಕೇಳದಿದ್ದರೂ ತೂಕವನ್ನು ಮೊದಲೇ ಹೇಳಿಬಿಡುವುದು ನನ್ನ ಹಳೆಯ ಚಾಳಿ. ಹಿಂದೆ ಅದನ್ನು ಎದೆಯುಬ್ಬಿಸಿ ಹೇಳುತ್ತಿದ್ದೆ. ಈಗ ತಪ್ಪೊಪ್ಪಿಕೊಳ್ಳುವವರ ದನಿಯಲ್ಲಿ ಹೇಳುತ್ತೇನೆ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಹೆತ್ತವರಿಗೆ ಕೂಸು ಮೈತುಂಬಿಕೊಳ್ಳಲಿ ಎಂಬ ಆಸೆಯಿರುತ್ತದೆ. ನನ್ನನ್ನು ಮಾಡಿದವರಿಗೆ ಅದೇ ಭಯ. ಇಲ್ಲಿ ಒಂದು ತಿರುಪು ತೆಗೆ, ಅಲ್ಲಿ ತಗಡು ತೆಳ್ಳಗಾಗಿಸು ಎಂದು ತಿಂಗಳುಗಟ್ಟಲೆ ನನ್ನನ್ನು ಸೊರಗಿಸಿದರು. ಕೊನೆಗೆ ಪೆಟ್ಟಿಗೆಯ ಮೇಲೆ ಹಕ್ಕಿಯ ಗರಿಯೊಂದರ ಚಿತ್ರ ಹಾಕಿ ಕಳಿಸಿದರು. ಹಗುರವಾಗಿರುವುದೇ ದೊಡ್ಡಸ್ತಿಕೆ ಎಂದು ನಾನು ಅಂದೇ ನಂಬಿದೆ.

ನನ್ನ ಮೊದಲ ಒಡೆಯ ಹುಬ್ಬಳ್ಳಿಯಲ್ಲಿ ಔಷಧ ಕಂಪನಿಯೊಂದರ ಪ್ರತಿನಿಧಿ. ಡಾಕ್ಟರರ ಮುಂದೆ ನನ್ನನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿಯುವುದು ಅವನ ಶೋಕಿ. ಡಾಕ್ಟರರು ಮಾತ್ರೆಯ ಹೆಸರು ಮರೆತರೂ ನನ್ನನ್ನು ಮರೆಯುತ್ತಿರಲಿಲ್ಲ. ಮೂರು ವರ್ಷದ ಮೇಲೆ ಕಂಪನಿಯವರು ಅವನಿಗೆ ನನಗಿಂತಲೂ ಸಣ್ಣದೊಂದನ್ನು ಕೊಟ್ಟರು. ಹಗುರಕ್ಕೆ ಹಗುರ ಇದ್ದೇ ಇರುತ್ತದೆ! ಅವನು ನನ್ನನ್ನು ಧಾರವಾಡದ ಇಮ್ತಿಯಾಜರ ಹಳೇ ಲ್ಯಾಪ್‌ಟಾಪ್ ಅಂಗಡಿಗೆ ಮಾರಿ, ಹಿಂದಿರುಗಿ ನೋಡದೆ ಹೋದ.

ಆ ಅಂಗಡಿಗೆ ಒಂದು ದಿನ ತ್ರಿಶಲಾ ಬಂದಳು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಮೊದಲ ವರ್ಷದ ವಿದ್ಯಾರ್ಥಿನಿ. ಹೆಗಲಲ್ಲಿ ದಪ್ಪ ಕ್ಯಾನ್ವಾಸಿನ ಚೀಲ. ಅದರೊಳಗಿನದನ್ನು ಮೇಜಿನ ಮೇಲಿಟ್ಟಾಗ ಧಪ್ ಎಂದು ಸದ್ದಾಯಿತು. ಕಪ್ಪಗೆ, ಕೋಣದಂಥ ಲ್ಯಾಪ್‌ಟಾಪ್. ಮುಚ್ಚಳದ ಮೇಲೆ ಬಾಯಿ ತೆರೆದ ಡ್ರ್ಯಾಗನ್, ಕೀಲಿಗಳ ಕೆಳಗೆ ಕೆಂಪು ದೀಪ. ಆಟ ಆಡುವವರಿಗೆಂದು ಮಾಡಿದ್ದು. ಅದರ ಚಾರ್ಜರೇ ಒಂದು ಇಟ್ಟಿಗೆಯಷ್ಟಿತ್ತು.

"ಇದನ್ನ ತಗೊಂಡು ಆ ತೆಳ್ಳಂದು ಕೊಡ್ರಿ," ಎಂದು ನನ್ನ ಕಡೆ ಬೆರಳು ಮಾಡಿದಳು.

ಇಮ್ತಿಯಾಜರು ಪ್ರಾಮಾಣಿಕ ಮನುಷ್ಯ. "ತಂಗಿ, ನಿಂದು ಹೊಸ ಮಾಲು, ದೊಡ್ಡ ಮಾಲು. ಇದು ಮೂರು ವರ್ಷ ಹಳೇದು. ಲುಕ್ಸಾನ ನಿನಗ ಆಗ್ತದ. ಮನ್ಯಾಗ ಕೇಳೀಯೇನು?"

"ಕೇಳೀನಿ," ಎಂದಳು ತ್ರಿಶಲಾ. ಕೇಳಿರಲಿಲ್ಲ. ನಾನು ಆ ಮನೆಗೆ ಸೇರಿದ್ದೇ ಒಂದು ಸುಳ್ಳಿನ ಮೇಲೆ.

ಅವಳ ಅಪ್ಪ ಜಿನ್ನಪ್ಪ ಬೋಗಾರರಿಗೆ ಲಕ್ಷ್ಮೇಶ್ವರದಲ್ಲಿ ಪಾತ್ರೆ ಅಂಗಡಿ. ಅವರು ಆ ಕೋಣವನ್ನು ಆರಿಸಿದ ಬಗೆಯನ್ನು ತ್ರಿಶಲಾ ಹಾಸ್ಟೆಲಿನ ಗೆಳತಿಗೆ ಹೇಳಿ ನಗುತ್ತಿದ್ದಾಗ ಕೇಳಿದೆ. ಹುಬ್ಬಳ್ಳಿಯ ಶೋರೂಮಿನಲ್ಲಿ ಸಾಲಾಗಿ ಇಟ್ಟಿದ್ದ ಲ್ಯಾಪ್‌ಟಾಪುಗಳನ್ನು ಜಿನ್ನಪ್ಪನವರು ಒಂದೊಂದಾಗಿ ಅಂಗೈ ಮೇಲೆ ಎತ್ತಿ ತೂಗಿದರಂತೆ. ಬೋರಲು ಹಾಕಿ ಬೆರಳ ಗೆಣ್ಣಿನಿಂದ ಟಣ್ ಎಂದು ಬಡಿದು, ಕಿವಿಗೊಟ್ಟು ಕೇಳಿದರಂತೆ. ಮಾರುವ ಹುಡುಗಿ ಬಾಯಿಗೆ ಕೈ ಇಟ್ಟುಕೊಂಡಳು. ಸುತ್ತಲಿನ ಗಿರಾಕಿಗಳು ಮೊಬೈಲು ಬಿಟ್ಟು ಇವರನ್ನೇ ನೋಡತೊಡಗಿದರು. ಜಿನ್ನಪ್ಪನವರು ಮಾತ್ರ ಗಂಭೀರವಾಗಿ, "ಇದಕ್ಕಿಂತ ತೂಕದ್ದು ಐತೇನವಾ?" ಎಂದು ಕೇಳಿದರು. ಪಾತ್ರೆಯವರ ಶಾಸ್ತ್ರ ಅದು. ತೆಳು ಪಾತ್ರೆ ಉಡುಗೊರೆ ಕೊಡುವವರಿಗೆ, ತೂಕದ ಪಾತ್ರೆ ಬಳಸುವವರಿಗೆ. ಮಗಳಿಗೆ ತೆಳ್ಳಗಿನದನ್ನು ಕೊಡಿಸುವಷ್ಟು ಕೆಟ್ಟ ಅಪ್ಪ ಅವರಲ್ಲ.

ತ್ರಿಶಲಾಳ ಕೈಯಲ್ಲಿ ಹಿರಿಯ ವಿದ್ಯಾರ್ಥಿನಿಯೊಬ್ಬಳು ಬರೆದುಕೊಟ್ಟ ಚೀಟಿ ಇತ್ತು: ಓದುವವರಿಗೆ ಯಾವುದು ಒಳ್ಳೆಯದು, ಬ್ಯಾಟರಿ ಎಷ್ಟು ಹೊತ್ತು ಬರಬೇಕು, ಏನು ನೋಡಿ ಕೊಳ್ಳಬೇಕು ಎಂದು. ಅವಳು ಅದನ್ನು ಮುಷ್ಟಿಯಲ್ಲೇ ಮುದ್ದೆ ಮಾಡಿದಳು. ಒಂದು ಮಾತು ಹೇಳಿದ್ದರೆ ಅಪ್ಪ ಕೇಳುತ್ತಿದ್ದರು. ಆದರೆ ಎಲ್ಲರೂ ನೋಡುತ್ತಿದ್ದಾರಲ್ಲ, ಬೇಗ ಹೊರಗೆ ಹೋದರೆ ಸಾಕು ಎನ್ನಿಸಿತು ಅವಳಿಗೆ.

ಆ ಗಾತ್ರಕ್ಕೆ ಒಪ್ಪುವ ಚೀಲ ಅಂಗಡಿಯಲ್ಲಿ ಸಿಗಲಿಲ್ಲವೆಂದು ಜಿನ್ನಪ್ಪನವರು ದರ್ಜಿಯ ಹತ್ತಿರ ಕ್ಯಾನ್ವಾಸಿನದೊಂದನ್ನು ಹೊಲಿಸಿಕೊಟ್ಟರು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಆ ಕೋಣವನ್ನು ತೆರೆದರೆ ಅದರ ಫ್ಯಾನು ಗೊರ್ ಎನ್ನುತ್ತಿತ್ತು. ಗ್ರಂಥಾಲಯ ಕಲಿಯಲು ಬಂದವಳೇ ಗ್ರಂಥಾಲಯದ ಮೌನ ಕೆಡಿಸಿದರೆ ಹೇಗೆ? "ತ್ರಿಶಲಾ ಗಿರಣಿ ಚಾಲೂ ಮಾಡಿದ್ಲು, ಹಿಟ್ಟು ಬೀಸ್ಕೋಬೇಕಾದವ್ರು ಬರ್ರಿ" ಎಂದು ಸಹಪಾಠಿಗಳು ಚುಡಾಯಿಸಿದರು. ಅಡ್ಡಹೆಸರು ಅಂಟಿತು. ಮೂರು ತಿಂಗಳು ತಡೆದಳು. ಆಮೇಲೆ ಇಮ್ತಿಯಾಜರ ಅಂಗಡಿಗೆ ಬಂದಳು.

ನನ್ನನ್ನು ಕಂಡು ಹಾಸ್ಟೆಲಿನವರೆಲ್ಲ ಬೆರಳ ತುದಿಯಲ್ಲಿ ಎತ್ತಿ ನೋಡಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಗಿರಣಿ ಎಂಬ ಹೆಸರು ವಾರದಲ್ಲಿ ಅಳಿಯಿತು. ಇದ್ದದ್ದು ಒಂದೇ ಚಿಂತೆ, ಅಪ್ಪನಿಗೆ ಗೊತ್ತಾಗಬಾರದು. ಅಪ್ಪ ಮೂರು ತಿಂಗಳಿಂದ ಊರೆಲ್ಲ ಹೇಳಿಕೊಂಡು ತಿರುಗಿದ್ದರು, ನನ್ನ ಮಗಳಿಗೆ ನಾನೇ ಕೈಯಾರೆ ತೂಗಿ ಲ್ಯಾಪ್‌ಟಾಪ್ ಆರಿಸಿದೆ ಎಂದು.

ದೀಪಾವಳಿ ರಜೆಗೆ ಬರುವಾಗ ಅದನ್ನು ತಾ, ಭರಮಣ್ಣ ಮಾವ ನೋಡಬೇಕಂತಾನೆ ಎಂದು ಅಪ್ಪನ ಫೋನು ಬಂತು. ಭರಮಣ್ಣ ಅವಳ ತಾಯಿಯ ಅಣ್ಣ, ಮಾತಿನ ಮಲ್ಲ. ತ್ರಿಶಲಾಳ ಮುಖ ಬಾಡಿತು. ಅಪ್ಪ ಪರದೆ ನೋಡಲಿಕ್ಕಿಲ್ಲ, ಡ್ರ್ಯಾಗನ್ನೂ ನೆನಪಿರಲಿಕ್ಕಿಲ್ಲ. ಆದರೆ ಕೈ? ತಾಮ್ರದ ಕೊಡವನ್ನು ಎತ್ತಿ, ಹತ್ತು ಗ್ರಾಮಿನ ಹೆಚ್ಚು ಕಡಿಮೆಯಿಲ್ಲದೆ ತೂಕ ಹೇಳುವ ಕೈ ಅದು. ಗುರುತಿನ ಗಿರಾಕಿಗಳು ಅವರ ಅಂಗಡಿಯಲ್ಲಿ ತಕ್ಕಡಿ ಕೇಳುತ್ತಲೇ ಇರಲಿಲ್ಲ.

ಹೊರಡುವ ದಿನ ಅವಳು ನನ್ನನ್ನು ಅದೇ ಕ್ಯಾನ್ವಾಸಿನ ಚೀಲಕ್ಕೆ ಹಾಕಿದಳು. ನಾನು ಅದರಲ್ಲಿ ಅಪ್ಪನ ಅಂಗಿ ತೊಟ್ಟ ಕೂಸಿನಂತೆ ಓಲಾಡಿದೆ. ಅವಳು ಚೀಲವನ್ನು ಎತ್ತಿ ನೋಡಿದಳು, ಇಳಿಸಿದಳು. ಆಮೇಲೆ ಕಪಾಟಿನಿಂದ ಗ್ರಂಥಾಲಯ ವರ್ಗೀಕರಣದ ದಪ್ಪ ಪುಸ್ತಕ ತಂದು ನನ್ನ ಅಡಿಗೆ ಇಟ್ಟಳು. ಮತ್ತೆ ಎತ್ತಿದಳು. ಸಾಲದೆಂದು ಇನ್ನೊಂದು ಪುಸ್ತಕ ತುರುಕಿದಳು. ಆಗ ಅವಳ ಕೈ ಒಂದು ಗಳಿಗೆ ನಿಂತಿತು. ಅವಳ ಅಪ್ಪ ಒಮ್ಮೆ, ಕೊಡದ ಬುಡಕ್ಕೆ ಸೀಸ ಹೊಯ್ದು ತೂಕ ಏರಿಸಿ ಕಳಿಸಿದ ವ್ಯಾಪಾರಿಯ ಮಾಲನ್ನೆಲ್ಲ ಬೀದಿಗೆ ಎಸೆದಿದ್ದರಂತೆ. ಹೀಗೆಂದು ಅವಳೇ ಗೆಳತಿಗೆ ಹೇಳಿದ್ದಳು, ಅಭಿಮಾನದಿಂದ. ಈಗ ಅವಳು ಯಾರಿಗೂ ಏನೂ ಹೇಳದೆ ಚೀಲದ ಬಾಯಿ ಎಳೆದಳು.

ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಜಿನ್ನಪ್ಪನವರು ಕಾದಿದ್ದರು. ಬಿಳಿ ಅಂಗಿ, ತಲೆಗೆ ಟೋಪಿ, ನಗುಮುಖ. "ತಾರವಾ ಇಲ್ಲೆ," ಎಂದು ಮಗಳ ಹೆಗಲಿನಿಂದ ಚೀಲ ಇಸಿದುಕೊಂಡರು. ಅವರ ಕೈ ನಡುದಾರಿಯಲ್ಲಿ ನಿಂತಿತು. ಚೀಲವನ್ನು ಒಂಚೂರು ಮೇಲೆ, ಒಂಚೂರು ಕೆಳಗೆ ಮಾಡಿದರು. ತೂಕವೇನೋ ಸರಿಯಾಗಿಯೇ ಇತ್ತು. ಆದರೆ ತುಂಬಿದ ತೂಕಕ್ಕೂ ತುರುಕಿದ ತೂಕಕ್ಕೂ ಇರುವ ಅಂತರ ಆ ಕೈಗೆ ತಿಳಿಯದೇ? ಕ್ಯಾನ್ವಾಸಿನ ಆಚೆ ಅವರ ಬೆರಳು, ಈಚೆ ನಾನು. ಹುಟ್ಟಿದಾರಭ್ಯ ಮೊದಲ ಸಲ ನನಗೆ ಭಾರವಾಗಬೇಕು ಎನ್ನಿಸಿತು.

"ಬಸ್ಸಿನ್ಯಾಗ ಜಾಗಾ ಸಿಕ್ಕಿತ್ತೇನು?" ಎಂದರು, ಅಷ್ಟೇ. ಚೀಲವನ್ನು ಸ್ಕೂಟರಿನ ಕೊಕ್ಕೆಗೆ ತಗುಲಿಸಿದರು.

ಮರುದಿನ ಧನತ್ರಯೋದಶಿ. ವರ್ಷದಲ್ಲಿ ಒಂದು ದಿನ ಪಾತ್ರೆ ಅಂಗಡಿಗೆ ಕಾಲಿಡಲು ಜಾಗವಿರುವುದಿಲ್ಲ ಎಂದರೆ ಅದೇ ದಿನ. ಹೆಂಗಸರು ಚರಿಗೆ, ದೀಪದ ಸಮೆ, ತಟ್ಟೆ ಎಂದು ಮುಗಿಬಿದ್ದಿದ್ದರು. ಕೈಜೋಡಿಸಲು ಬಂದಿದ್ದ ತ್ರಿಶಲಾ ನನ್ನ ಚೀಲವನ್ನು ದುಡ್ಡು ಎಣಿಸುವ ಗಲ್ಲೆಯ ಪಕ್ಕ ಇಟ್ಟಿದ್ದಳು. ಆ ಗದ್ದಲದಲ್ಲಿ ಭರಮಣ್ಣ ಬಂದು, "ಎಲ್ಲೈತ್ರೀ ಭಾವಾ ನಿಮ್ಮ ಗಟ್ಟಿ ಮಾಲು? ಊರ ತುಂಬ ಡಂಗುರ ಹೊಡದೀರಿ, ತಗೀರಿ ನೋಡೂಣು," ಎಂದ. ಯಾರೂ ತಡೆಯುವ ಮೊದಲೇ ಚೀಲಕ್ಕೆ ಕೈ ಹಾಕಿ ನನ್ನನ್ನು ಎಳೆದು ಎತ್ತಿ ಹಿಡಿದ.

"ಏ, ಇದೇನ್ರೀ! ಹಪ್ಪಳ ಇದ್ದಂಗ ಐತಿ! ಇದನ್ನ ತೂಗಿ ತಂದ್ರೇನು ನೀವು? ಇಡ್ರಿ ತಕ್ಕಡಿ ಮ್ಯಾಲೆ!"

ಎರಡು ಬೆರಳಲ್ಲಿ ಎತ್ತಿಸಿಕೊಳ್ಳುವುದು ನನ್ನ ಬದುಕಿನ ಹೆಮ್ಮೆಯಾಗಿತ್ತೆಂದು ಆಗಲೇ ಹೇಳಿದೆನಲ್ಲ. ಅಂದು ಅಂಗಡಿ ತುಂಬ ಜನರ ಮುಂದೆ ಹಾಗೆ ತೂಗಾಡುತ್ತ, ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ. ತ್ರಿಶಲಾ ಗೋಡೆಗೆ ಒರಗಿ ನಿಂತಿದ್ದಳು. ಒಂದು ಮಾತು ಸಾಕಿತ್ತು. ನಾನೇ ಬದಲಿಸಿದೆ ಮಾವಾ ಎಂಬ ಒಂದೇ ಮಾತು.

ಮಾತಾಡಿದವರು ಜಿನ್ನಪ್ಪನವರು. "ಅದು ಬ್ಯಾರೆ, ಭರಮಣ್ಣ. ಅದನ್ನ ಬದಲಿ ಮಾಡಿಸಿದವ ನಾನ. ಆ ಭಾರ ಹೊತ್ತು ಹುಡುಗಿ ಭುಜ ಬ್ಯಾನಿ ಆಗ್ತಿತ್ತು. ಆರಿಸೂದ್ರಾಗ ನನ್ನ ಕೈ ತಪ್ಪಿತ್ತು."

"ಕೈ ತಪ್ಪಿತ್ತು!" ಭರಮಣ್ಣ ಚಪ್ಪಾಳೆ ತಟ್ಟಿದ. "ಕೇಳ್ರೆಪಾ ಎಲ್ಲಾರೂ! ಜಿನ್ನಪ್ಪ ಬೋಗಾರ್ರ ಕೈ ತಪ್ಪಿತಂತ!"

ಎಲ್ಲರೂ ನಕ್ಕರು. ಜಿನ್ನಪ್ಪನವರೂ ನಕ್ಕರು. ಆಗ ತಾಮ್ರದ ಕೊಡ ಹಿಡಿದು ನಿಂತಿದ್ದ ಒಬ್ಬ ಹೆಂಗಸು, ಇಪ್ಪತ್ತು ವರ್ಷದ ಗಿರಾಕಿ, ತುಸು ಅಳುಕುತ್ತಲೇ ಮುಂದೆ ಬಂದಳು. "ಅಣ್ಣಾರ, ತಪ್ಪ ತಿಳೀಬ್ಯಾಡ್ರಿ. ಹಂಗಾರ ಇದನ್ನೂ ಒಮ್ಮೆ ತಕ್ಕಡಿಗೆ ಹಾಕಿಬಿಡ್ರಿ."

ಜಿನ್ನಪ್ಪನವರು ಗಲ್ಲೆಯ ಕೆಳಗಿನಿಂದ ತಕ್ಕಡಿ ತೆಗೆದು, ಅದರ ಮೇಲಿನ ಧೂಳನ್ನು ಟವೆಲಿನಿಂದ ಒರೆಸಿ, ಕೊಡವನ್ನು ಇಟ್ಟರು. ಅವರು ಬಾಯಲ್ಲಿ ಹೇಳಿದ್ದಷ್ಟೇ ಬಂತು, ಒಂದು ಗುಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೆಂಗಸು ನಾಚಿ ಸೆರಗು ಎಳೆದುಕೊಂಡಳು. ಆದರೆ ಅವಳ ಹಿಂದಿನವಳೂ ತನ್ನ ಚರಿಗೆಯನ್ನು ತಕ್ಕಡಿಯ ಕಡೆಗೇ ಚಾಚಿದಳು. ಆಮೇಲಿನವಳೂ. ಆ ದಿನದಿಂದ ತಕ್ಕಡಿ ಗಲ್ಲೆಯ ಮೇಲೇ ಉಳಿಯಿತು.

ತ್ರಿಶಲಾ ಬಾಯಿ ಬಿಡಲಿಲ್ಲ. ರಜೆ ಮುಗಿಸಿ ಧಾರವಾಡಕ್ಕೆ ಹೋದಳು. ಬಸ್ಸಿಳಿದವಳು ಇಮ್ತಿಯಾಜರ ಅಂಗಡಿಗೆ ಓಡಿ ಕೋಣವನ್ನು ಕೇಳಿದಳು. ಯಾರೋ ಎಂಜಿನಿಯರಿಂಗ್ ಹುಡುಗ ಅದನ್ನು ಕೊಂಡು ವಾರವಾಗಿತ್ತು. ಅವಳು ನನ್ನ ಮೇಲೆಯೇ ಓದಿದಳು, ಪ್ರಬಂಧ ಬರೆದಳು, ಎರಡನೇ ರ‍್ಯಾಂಕ್ ಪಡೆದಳು. ನಾನು ಅವಳಿಗೆ ಒಮ್ಮೆಯೂ ಕೈಕೊಡಲಿಲ್ಲ. ಆದರೂ ಅವಳು ನನ್ನನ್ನು ಪ್ರೀತಿಯಿಂದ ನೋಡಿದ್ದು ಕಾಣೆ. ನನ್ನನ್ನು ತೆರೆಯುವಾಗೆಲ್ಲ ಯಾರಿಗೋ ಮುಖ ತೋರಿಸಬೇಕಾದವರಂತೆ ಒಂದು ಕ್ಷಣ ಹಿಂಜರಿಯುತ್ತಿದ್ದಳು.

ಗದಗಿನ ಕಾಲೇಜೊಂದರಲ್ಲಿ ಅವಳು ಗ್ರಂಥಪಾಲಕಿಯಾದ ಮೇಲೆ ನನ್ನ ಕೀಲಿಗಳು ಉದುರತೊಡಗಿದವು, ಬ್ಯಾಟರಿ ಉಬ್ಬಿತು. ಹೊಸದನ್ನು ಕೊಳ್ಳಲು ಹೊರಟಾಗ ಅಪ್ಪನನ್ನು ಒತ್ತಾಯಿಸಿ ಕರೆದೊಯ್ದಳು. ನನ್ನೊಳಗಿನ ಬರಹಗಳನ್ನು ಹೊಸದಕ್ಕೆ ಹಾಕಿಸಬೇಕಿತ್ತು, ಹಾಗಾಗಿ ನಾನೂ ಜೊತೆಗಿದ್ದೆ. ಹುಬ್ಬಳ್ಳಿಯ ಅದೇ ಶೋರೂಮು. ಸಾಲು ಸಾಲು ಲ್ಯಾಪ್‌ಟಾಪುಗಳು.

"ಎತ್ತಿ ನೋಡಪಾ," ಎಂದಳು ತ್ರಿಶಲಾ.

ಜಿನ್ನಪ್ಪನವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನನಗ ಇದ್ರಾಗ ತಿಳಿಯೂದಿಲ್ಲವಾ. ನೀನ ನೋಡು."

ಅವಳು ಅಲ್ಲಿಯೇ, ಮಾರುವವರ ನಡುವೆ, ಬಿಕ್ಕಿದಳು. "ಅಪ್ಪಾ, ಅವತ್ತ ಚೀಲದಾಗ ಪುಸ್ತಕ ಇಟ್ಟಿದ್ದೆ."

"ಬಸ್‌ಸ್ಟ್ಯಾಂಡಿನ್ಯಾಗ ಗೊತ್ತಾತು."

"ಮತ್ತ ಅಂಗಡ್ಯಾಗ ಯಾಕ ಹಂಗಂದಿ?"

ಜಿನ್ನಪ್ಪನವರು ಹೆಗಲ ಮೇಲಿನ ಟವೆಲು ತೆಗೆದು ಅವಳ ಕೈಗಿಟ್ಟರು. "ಮತ್ತೇನನ್ನಲಿ? ಬೋಗಾರನ ಮಗಳು ಬುಡಕ್ಕ ಸೀಸ ಹೊಯ್ದಾಳ ಅಂತ ಜನ ಅನ್ನೂದಕ್ಕಿಂತ, ಬೋಗಾರನ ಕೈ ತಪ್ಪೇತಿ ಅಂದ್ರ ನಡೀತೈತಿ ಅನ್ನಿಸ್ತು."

ಈಗ ನಾನಿರುವುದು ಲಕ್ಷ್ಮೇಶ್ವರದ ಆ ಅಂಗಡಿಯ ಹಲಗೆಯ ಮೇಲೆ, ಮಾರಾಟವಾಗದ ಹಂಡೆಗಳ ಪಕ್ಕ. ಗುಜರಿಗೆ ಹಾಕಬೇಕೆಂದಿದ್ದಳು ತ್ರಿಶಲಾ. "ಇರ್ಲಿ ಬಿಡು" ಎಂದು ಜಿನ್ನಪ್ಪನವರು ಇಲ್ಲಿಟ್ಟರು. ಬ್ಯಾಟರಿ ತೆಗೆದ ಮೇಲೆ ನಾನು ಒಂದು ಕಿಲೋ ಕೂಡ ಇಲ್ಲ. ನನ್ನಂಥವರನ್ನು ಆರಿಸುವವರಿಗೆ ನಾನು ಹೇಳುವುದಿಷ್ಟೆ: ಹಗುರವಾದದ್ದನ್ನು ಕೊಳ್ಳುವುದು ತಪ್ಪಲ್ಲ. ಬೇಕೆಂದರೆ ಅಂಗಡಿಯಲ್ಲೇ, ಅಪ್ಪನ ಮುಖ ನೋಡಿ ಬಾಯಿಬಿಟ್ಟು ಹೇಳಿ ಕೊಳ್ಳಿ.

ಪ್ರತಿ ಧನತ್ರಯೋದಶಿಗೆ ತ್ರಿಶಲಾ ರಜೆ ಹಾಕಿ ಬಂದು ಅಂಗಡಿಯಲ್ಲಿ ದುಡಿಯುತ್ತಾಳೆ. ಪ್ರತಿ ವರ್ಷವೂ ಭರಮಣ್ಣ ಬರುತ್ತಾನೆ. "ಹೆಂಗೈತ್ರೀ ಭಾವಾ ಕೈ? ಈ ವರ್ಷಾರ ನೆಟ್ಟಗಾತೇನು?" ಎನ್ನುತ್ತಾನೆ, ಜನ ನಗುತ್ತಾರೆ. ತ್ರಿಶಲಾ ಹೇಳಿಯೇಬಿಡುವೆನೆಂದು ಬಾಯಿ ತೆರೆಯುತ್ತಾಳೆ. ಅಷ್ಟರಲ್ಲಿ ಜಿನ್ನಪ್ಪನವರು, "ತ್ರಿಶಲಾ, ಒಳಗಿಂದ ಆ ದೊಡ್ಡ ಚರಿಗಿ ತಾರವಾ," ಎನ್ನುತ್ತಾರೆ. ಅವಳು ಒಳಗೆ ಓಡುತ್ತಾಳೆ. ಓಡುವಾಗ ಅವಳ ಮುಖದ ಮೇಲೆ ಸದ್ಯ ಬದುಕಿದೆ ಎಂಬ ಸಮಾಧಾನ ಮೂಡುತ್ತದೆ. ಹಲಗೆಯ ಮೇಲಿಂದ ನಾನು ಅದನ್ನು ನೋಡುತ್ತೇನೆ. ಗಲ್ಲೆಯ ಮೇಲೆ ಕುಳಿತ ಜಿನ್ನಪ್ಪನವರೂ ನೋಡುತ್ತಾರೆ.