ನೀಲಿ ಮೂಲಿ

ಠಾಣಾ ಕುಶನೂರ ಅಂಜನಾಬಾಯಿ ಕೌದಿ ಹೊಲದ್ಳಂದ್ರ ಎರಡು ಹೊಲಿಗಿ ನಡುವ ಇರವಿಗೂ ಕಾಲಿಡ್ಲಾಕ ಜಾಗ ಸಿಗತಿರಲಿಲ್ಲ. ಅಂಥಾಕಿ ತನ್ನ ಗಂಡಗ ಹೊಲದ ಕೌದಿಯೊಳಗೇ ತಪ್ಪ ಮಾಡಿದ್ಳು ನೋಡ್ರಿ. ನಾಲ್ಕೂ ಮೂಲಿಗಿ ಕೆಂಪು ಹೂವು ಇಡೂದು ಪದ್ಧತಿ. ಮೂರಕ್ಕೇ ಕೆಂಪು ಅರಿವಿ ತೀರಿತು. ನಾಲ್ಕನೇದಕ್ಕ ಕುಪ್ಪಸದ ನೀಲಿ ತುಂಡು ಹಚ್ಚಿಬಿಟ್ಳು.

ಅವತ್ತಿಂದ ಗಂಡ ಮಡೆಪ್ಪ ಎಲ್ಲಿ ಕೌದಿ ಹಾಸಿದ್ರೂ ಆ ನೀಲಿ ಮೂಲಿ ಮ್ಯಾಲೇ ಕುಂಡ್ರಾಂವ.

"ಏಳ್ರಿ, ಬ್ಯಾರೆ ಕಡಿ ಜಾಗ ಇಲ್ಲೇನು?" ಅಂತಿದ್ಳು.

"ಮಂದಿ ನೋಡಿದ್ರ, ಮಡೆಪ್ಪನ ಹೇಂತಿಗಿ ನಾಲ್ಕರ ತನಕ ಎಣಸ್ಲಾಕ ಬರಲ್ಲ ಅಂತಾರ. ನಿನ್ನ ಮಾನ ಕಾಯಲತ್ತೀನಿ, ಸುಮ್ನಿರು."

ಆಮ್ಯಾಲ ಎಪ್ಪತ್ತೆರಡರ ಬರ ಬಿತ್ತು. ಕಾಗಿ ನೀರ ಕುಡಿಲಾಕ ಹೈದರಾಬಾದಿಗಿ ಹೋಗಿ ಬರತಿದ್ದವು. ಮಡೆಪ್ಪ ನೂರು ಕುರಿ ಹೊಡಕೊಂಡು, ಹೆಗಲಿಗಿ ಕೌದಿ ಹಾಕೊಂಡು, ಮಾಂಜ್ರಾ ನದಿ ಗುಂಟ ಮೂಡಲಕ್ಕ ಹ್ವಾದ. "ಪಂಚಮಿಗಿ ಬರತೀನಿ" ಅಂದಿದ್ದ. ಪಂಚಮಿ ಬಂತು, ಜೋಕಾಲಿ ಕಟ್ಟಿದ್ರು, ಬಿಚ್ಚಿದ್ರು. ಅವ ಬರಲಿಲ್ಲ. ಔರಾದ ಬಸ್‌ಸ್ಟ್ಯಾಂಡಿನ್ಯಾಗ ಒಬ್ಬ, "ಕುರಿ ಎಲ್ಲಾ ಸತ್ತು ಬೊಂಬಾಯಿಗಿ ಹ್ವಾದನಂತ" ಅಂದ. ಭಾಲ್ಕಿ ಸ್ಟೇಶನ್ನಿನ್ಯಾಗ ಇನ್ನೊಬ್ಬ, "ಅವನೇ ಸತ್ತಾನಂತ" ಅಂದ. ಅಂಜನಾಬಾಯಿ ಅವನ ಕಾಲ ಮುಂದ ಉಗುಳಿ ಬಂದ್ಳು. ಖರೆ, ಆ ಮಾತು ಎದಿಯೊಳಗ ಉಳೀತು. ಅದನ್ನ ಉಗುಳ್ಲಾಕ ಬರಲಿಲ್ಲ.

ಆಗ ಬೀದರದಿಂದ ಒಂದು ಸುದ್ದಿ ಬಂತು. ಅಲ್ಲಿ ಅಮೀರ ಪಾಶಾ ಅಂತ ಹಲ್ಲಿಲ್ಲದ ಮುದಕ ಮಿಸ್ತ್ರಿ ಇದ್ದ. ಪ್ರಾಯದಾಗ ಅವ ಒಬ್ಬ ನವಾಬರ ರೇಸಿನ ವಿಮಾನ ನೋಡಕೋತಿದ್ದ, ಹಾರಸ್ತಿದ್ದ. ಮಿಂಚು ಬೆನ್ನ ಹತ್ತಿದ್ರೂ ಅದು ಸಿಗತಿದ್ದಿಲ್ಲಂತ. ನವಾಬರು ಹ್ವಾದ ಮ್ಯಾಲ ಅದು ಕುದರಿ ಲಾಯದಾಗ ಬಿತ್ತು. ಅದರ ಹೊಟ್ಟ್ಯಾಗ ಕೋಳಿ ಇಡೀ ಬೀದರಕ್ಕ ಸಾಲುವಷ್ಟು ಮರಿ ಮಾಡಿದ್ವು. ಹನ್ನೊಂದು ವರ್ಷದಿಂದ ಪಾಶಾ ಅದನ್ನ ಮತ್ತ ಜೋಡಸ್ಲತ್ತಿದ್ದ. ಇಂಜಿನ್ ಆಗಿತ್ತು, ಕಟಗಿ ಎಲುಬು ಆಗಿತ್ತು. ರೆಕ್ಕಿಗಿ ಅರಿವಿ ಹೊಲಿಯೋರೇ ಇಲ್ಲ. ಎರಡು ಬೆರಳಿಗೊಂದು ಗಂಟು ಹಾಕಿ ಎಲುಬಿಗಿ ಬಿಗಿಬೇಕು. ಒಂದು ಸಡಲಿದ್ರ ಮುಗಿಲಿನ್ಯಾಗ ಹರದು ಹೋಗ್ತದ. ಬೀದರ ದರ್ಜಿಗಳು ನೋಡಿದವರೇ ಓಡಿದ್ರು.

ಅಂಜನಾಬಾಯಿ ಸೂಜಿ ಡಬ್ಬಿ ಹಿಡಕೊಂಡು ಹೋಗಿ ನಿಂತ್ಳು.

"ಕೂಲಿ ಏನು ಕೊಡ್ಲಿ ಬೇಟಿ?"

"ಕೂಲಿ ಬ್ಯಾಡ ಚಾಚಾ. ನನ್ನ ಕುಂಡ್ರಿಸ್ಕೊಂಡು ಮಾಂಜ್ರಾ ಗುಂಟ ಹೋಗ್ರಿ. ನನ್ನ ಗಂಡನ್ನ ಹುಡಕಬೇಕು."

"ರೇಸಿನ ವಿಮಾನ ಬೇಟಿ, ಒಂದೇ ಕುರ್ಚಿ. ನಾ ಒಂದು ರೊಟ್ಟಿ ಹೆಚ್ಚಿಗಿ ತಿಂದ್ರೂ ನೆಲ ಬಿಡಲ್ಲ ಇದು."

ಆಕಿ ರೆಕ್ಕಿ ಎಲುಬಿನ ಮ್ಯಾಲ ಕೈ ಆಡಿಸಿದ್ಳು. ಆಮ್ಯಾಲ, "ಹಂಗಾದ್ರ ರೆಕ್ಕಿ ಕೆಳಗ ನನ್ನ ಹೂವು ಇಡ್ತೀನಿ. ಮೂರು ಕೆಂಪು, ಒಂದು ನೀಲಿ. ಅವ ನೋಡಿದ್ರ ಗುರ್ತ ಹಿಡೀತಾನ" ಅಂದ್ಳು.

"ತೌಬಾ! ನವಾಬರ ವಿಮಾನಕ್ಕ ಕೌದಿ ಹೂವು? ಮಂದಿ ನಗತಾರ!"

"ನಗಲಾಕ ಯಾರ ಉಳದಾರ್ರಿ ಚಾಚಾ? ಎಲ್ಲಾರೂ ಬೊಂಬಾಯಿಗಿ ಹೋಗ್ಯಾರ."

ಮುದಕ ಅರಿವಿ ಸುರಳಿ ತಂದು ಆಕಿ ಮುಂದ ಇಟ್ಟ.

ಮೂರು ತಿಂಗಳು ಹೊಲದ್ಳು. ಬೆರಳು ಜರಡಿ ಆದ್ವು. ಪಾಶಾ ಅಗಸಿ ಎಣ್ಣಿ ಬಳದ ಮ್ಯಾಲ ಅರಿವಿ ಹಲಗಿ ಹಂಗ ಬಿಗದು, ಬೆರಳಿಲೆ ಬಡದ್ರ ಢಣ್ ಅಂತಿತ್ತು.

ಜನವಾಡದ ಆಚಿ ಕೆರಿ ಬತ್ತಿ, ತಳ ರೊಟ್ಟಿ ಹಂಚಿನ ಹಂಗ ಗಟ್ಟಿ ಆಗಿತ್ತು. ವಿಮಾನ ಓಡಸ್ಲಾಕ ಅದೊಂದೇ ಜಾಗ. ಮಳಿ ಬಂದ್ರ ಅದೂ ಹೋಗ್ತದ. ಊರೆಲ್ಲಾ ಮಳಿ ಬೇಡಿದ್ರ ಅಂಜನಾಬಾಯಿ ಒಬ್ಬಾಕಿ ಕಳ್ಳಿ ಹಂಗ, "ಇನ್ನೊಂದು ಎಂಟು ದಿನ ತಡಿಯಪ್ಪಾ" ಅಂತ ಬೇಡತಿದ್ಳು.

ಒಂದು ಮುಂಜಾನಿ ಪಾಶಾ ಹಾರಸಿದ. ಧೂಳು ಎಷ್ಟು ಎದ್ದಿತಂದ್ರ ಕೋಳಿ ರಾತ್ರಿ ಆತಂತ ಗೂಡು ಸೇರಿದ್ವು. ಧೂಳಿನ ಮ್ಯಾಲ ಮೂರು ಕೆಂಪು, ಒಂದು ನೀಲಿ ಮಿಣಕ್ ಅಂದು ಸಣ್ಣ ಆಗಿ ಹ್ವಾದ್ವು. ಆಕಿ ಕೆರಿ ತಳದಾಗೇ ಕುಂತ್ಳು. ನೀರ ಕುಡಿಲಿಲ್ಲ, ನೆರಳಿಗಿ ಹೋಗಲಿಲ್ಲ.

ಹೊತ್ತು ನೆತ್ತಿಗಿ ಬಂದಾಗ ವಿಮಾನ ಇಳೀತು. ಪಾಶಾನ ಮಾರಿ ತುಂಬ ಎಣ್ಣಿ, ಕಣ್ಣು ಇಪ್ಪತ್ತು ವರ್ಷದ ಹುಡುಗಂದು.

"ಏಳು ಹಿಂಡು ಕಂಡ್ವು ಬೇಟಿ. ಆರು ಕಡಿ ಕುರುಬರು ಅಂಜಿ ಓಡಿದ್ರು. ನಿಜಾಮಸಾಗರದ ದಂಡಿಗಿ ಒಬ್ಬ ಮಾತ್ರ ಓಡಲಿಲ್ಲ. ಮ್ಯಾಲ ನೋಡಕೋತ ನಿಂತ. ಹೆಗಲಿನ ಕೌದಿ ತಗದು ನೆಲಕ್ಕ ಹಾಸಿದ."

"ಹೂವು? ಎಂಥಾ ಹೂವ್ರಿ?"

"ಕೆಂಪು. ಮೂರು ನೋಡಿದೆ."

"ನಾಲ್ಕನೇದು?"

ಪಾಶಾ ತಲಿ ತಗ್ಗಿಸಿದ. "ಕಾಣಲಿಲ್ಲ ಬೇಟಿ. ಐದು ಸುತ್ತು ಹೊಡದೆ. ಆ ಮೂಲಿ ಮ್ಯಾಲ ಕುಂತೇ ಬಿಟ್ಟಿದ್ದ, ಏಳಲೇ ಇಲ್ಲ."

ಅಂಜನಾಬಾಯಿ ಸೆರಗು ಬಾಯಿಗಿ ಒತ್ತಿಕೊಂಡ್ಳು. ನಕ್ಳು. ಆ ನಗಿ ಎಲ್ಲಿ ತಿರುಗಿತೋ, ಕಣ್ಣಿಂದ ಇಳೀಲಾಕತ್ತಿತು.

"ವಿಮಾನ ಬಂದು ತಲಿ ಮ್ಯಾಲ ನಿಂತ್ರೂ ನನ್ನ ಮಾನ ಕಾದಾನ ನೋಡ್ರಿ, ಹುಚ್ಚ!" ಕಣ್ಣು ಒರಸಿಕೊಂಡ್ಳು. "ಕುರಿ ಎಷ್ಟಿದ್ವು?"

"ಹತ್ತು. ಹನ್ನೆರಡೂ ಇರಬಹುದು."

ನೂರು ಒಯ್ದಾಂವ ಹತ್ತು ಹೊಡಕೊಂಡು ಹ್ಯಾಂಗ ಬರತಾನ? ಆ ನಾಚಿಕಿನೂ ಬುಡಕ ಹಾಕ್ಕೊಂಡು ಕುಂತಾನ, ನೀಲಿ ಮೂಲಿ ಹಂಗ.

ಅಂಜನಾಬಾಯಿ ಸೂಜಿ ಡಬ್ಬಿ ಸೊಂಟಕ್ಕ ಸಿಗಸಿದ್ಳು. "ಚಾಚಾ, ನಡಕೋತ ಹ್ವಾದ್ರ ನಿಜಾಮಸಾಗರ ಎಷ್ಟು ದಿನ?"

"ಮೂರು ದಿನ ಆಗ್ತದ. ಯಾಕ?"

"ಅವ ತಾನಾಗಿ ಏಳಾಂವಲ್ರಿ. ಏಳ್ರಿ ಅನ್ನಲಾಕ ನಾನೇ ಹೋಗಬೇಕು."