ಎಡೆ ಹಿಡಿಯದ ಹಣ್ಣು

"ಹುಬ್ಬಳ್ಳಿಯಿಂದ ಧಾರವಾಡದ ತನಕಾ ಬೈಬಲ್ಲಿನ ಅರ್ಥ ನನ್ನಷ್ಟು ತಿಳದಾಕಿ ಯಾರೂ ಇಲ್ಲವ್ವಾ. ಪಾದ್ರಿಗೋಳು ನನ್ನ ಮನಿ ಕಟ್ಟಿಗಿ ಬಂದು ಕೇಳ್ಕೊಂಡು ಹೋಗತಿದ್ರು!"

ನಾನು ಹೀಗೆಂದಾಗ ಪಕ್ಕದ ಮನೆಯ ಉಡಚವ್ವ ಜೋಳ ಹಸನು ಮಾಡುವುದನ್ನು ಬಿಟ್ಟು ನಕ್ಕಳು. ನಗಲಿ. ಅದರಲ್ಲಿ ಅರ್ಧ ಸುಳ್ಳೇ. ನನಗೆ ಓದಲು ಬಾರದು. ಬರುತ್ತಿದ್ದವಳು ಪಾದ್ರಿಯಲ್ಲ, ಮಿಶನ್ನಿನ ಎಸ್ತೇರಮ್ಮ. ಅದೂ ಕೇಳಲಿಕ್ಕಲ್ಲ, ಹೇಳಲಿಕ್ಕೆ. ಆದರೆ ಅರ್ಥ ಬಿಡಿಸಿದವಳು ನಾನೇ.

ಉಪ್ಪಿನ ಸತ್ಯಾಗ್ರಹದ ವರ್ಷ. ನನ್ನ ತಂಗಿಯ ಮಗಳು ಸಂಗವ್ವನನ್ನು ನಮ್ಮ ಹಿಂದಿನ ಓಣಿಯ ಕಲ್ಲವ್ವನ ಮಗನಿಗೆ ಕೊಟ್ಟಿದ್ದೆವು. ಕಲ್ಲವ್ವನ ಹಿತ್ತಲಲ್ಲಿ ಒಂದು ಮಾವಿನ ಗಿಡ. ಅದರ ವಾಸನೆಗೆ ಅಮ್ಮಿನಬಾವಿಯ ಎತ್ತುಗಳು ದಾರಿ ತಪ್ಪಿ ಬರುತ್ತಿದ್ದವು. ಮೊದಲ ಹಣ್ಣನ್ನು ಲಿಂಗಕ್ಕೆ ಎಡೆ ಹಿಡಿಯದೆ ಆ ಮನೆಯಲ್ಲಿ ಯಾರೂ ಮಾವು ತಿನ್ನುವಂತಿರಲಿಲ್ಲ. ಬಸುರಿ ಸಂಗವ್ವ ತಡೆಯಲಾರದೆ ತಿಂದಳು. ವಾಟೆಯನ್ನು ಒಲೆಯ ಬೂದಿಯಲ್ಲಿ ಹುಗಿದು, "ಗಿಣಿ ತಿಂದಿರಬೇಕ್ರಿ" ಎಂದಳು. ಬೂದಿ ತೆಗೆಯುವಾಗ ವಾಟೆ ಸಿಕ್ಕಿತು. ಕಲ್ಲವ್ವ ಸೊಸೆಯನ್ನು ಹೊರಗೆ ಹಾಕಿದಳು.

ತವರಿಗೆ ಹೋದರೆ ಮತ್ತೆ ಯಾರೂ ಕರೆಯಲು ಬರುವುದಿಲ್ಲವೆಂದು ಹೆದರಿ ಹುಡುಗಿ ನನ್ನ ಮನೆಗೆ ಬಂದು, ಕೆರೆ ತುಂಬುವಷ್ಟು ಅತ್ತಳು. ಅದೇ ಹೊತ್ತಿಗೆ ಬಂದ ಎಸ್ತೇರಮ್ಮ ತೋಟದ ನಡುವಿನ ಗಿಡ, ತಿನ್ನಬಾರದ ಹಣ್ಣು, ತಿಂದ ಮೊದಲ ಗಂಡಹೆಂಡಿರನ್ನು ದೇವರು ಹೊರಗೆ ಹಾಕಿದ ಬೈಬಲ್ಲಿನ ಕಥೆಯನ್ನೇ ತೆಗೆಯಬೇಕೆ!

"ದೊಡ್ಡವ್ವಾ, ಇದು ನಂದ ಕತಿ! ಇನ್ನ ನಾ ಒಳಗ ಹ್ಯಾಂಗ ಹೋಗ್ಲಿ?"

"ಸುಮ್ನಿರ, ಹುಚ್ಚಿ. ಎಸ್ತೇರಮ್ಮಾರ, ಆ ಗಿಡ ನೀವು ನೋಡೀರೇನು?"

"ನಾ ಎಲ್ಲಿ ನೋಡ್ಲಿರಿ, ಶಿವಬಸವ್ವಾರ!"

"ನಾ ನೋಡೇನಿ. ಇಲ್ಲೇ ಐತಿ." ಸಂಗವ್ವನ ಎದೆಗೆ ಬೆರಳು ತಾಗಿಸಿದೆ. "ಆ ಗಿಡ ಅಂದ್ರ ನಮ್ಮ ಅರಿವು. ಹಣ್ಣು ತಿಂದ ಮ್ಯಾಲ ಅವರ ಕಣ್ಣು ತೆರದವು, ತಪ್ಪು ಒಳಗ ತಿಳೀತು. ಕೆಟ್ಟಿದ್ದು ಎಲಿ ಮರಿಗಿ ಅಡಗಿದಾಗ. ದೇವರು 'ಎಲ್ಲಿದ್ದೀ?' ಅಂತ ಕೇಳಿದ. ಅವಂಗ ಗೊತ್ತಿರಲಿಲ್ಲೇನು? ತಾವ ಹೊರಗ ಬಂದು ಹೇಳ್ಲಿ ಅಂತ ಕೇಳಿದ."

"ಮತ್ತ ತೋಟದ ಬಾಗಿಲದಾಗ ದೇವರು ಕಾವಲಿಟ್ಟ ಉರಿಯೋ ಕತ್ತಿ ಐತಲ್ರಿ?" ಎಸ್ತೇರಮ್ಮ ಬಿಡಲಿಲ್ಲ.

"ಅದು ಕಲ್ಲವ್ವನ ನಾಲಿಗಿ!"

ಎಸ್ತೇರಮ್ಮ ನಕ್ಕ ರಭಸಕ್ಕೆ ತೊಡೆಯ ಮೇಲಿದ್ದ ಪುಸ್ತಕ ಜಾರಿತು. "ಕತ್ತಿ ಆಚೀಕ ಜೀವದ ಗಿಡಾನೂ ಐತ್ರಿ," ಎಂದಳು.

"ಅದೂ ಒಳಗ ಐತಿ. ಖರೇ ಹೇಳಿದಾಕಿಗಿ ದಾರಿ ಸಿಗತೈತಿ. ಏಳ, ಸಂಗವ್ವಾ."

ನಾವು ಹೋದಾಗ ಕಲ್ಲವ್ವ ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದಳು. ಸಂಗವ್ವ ಈ ಸಲ ತಲೆ ತಗ್ಗಿಸಲಿಲ್ಲ.

"ಅತ್ತೀ, ಎಡಿ ಹಿಡಿಯೂದಕ್ಕಿಂತ ಮೊದಲ ನಾನ ತಿಂದೆ. ಗಿಣಿ ಅಂತ ಸುಳ್ಳು ಹೇಳಿದೆ. ತಪ್ಪಾತ್ರಿ."

ಕತ್ತಿ ಏಳಲೇ ಇಲ್ಲ. ಕಲ್ಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಿದ್ದಳು. ಒಳಗೆ ದೇವರ ಜಗಲಿಯ ಮೇಲೆ ಎಡೆಯ ತಟ್ಟೆ ಇನ್ನೂ ಖಾಲಿ. ಸೆರಗಿನ ಅಂಚು ಮಾತ್ರ ಹಳದಿ, ಮಾವಿನ ವಾಸನೆ ಗಮ್ಮೆನ್ನುತ್ತಿತ್ತು.

"ಕಲ್ಲವ್ವಾ," ಎಂದೆ ನಾನು, "ಎಲ್ಲಿದ್ದೀ?"

ಆಕೆ ಮೆಲ್ಲಗೆ ಸೆರಗು ತೆಗೆದು ಸೊಸೆಗೆ ಒಂದು ಮಾತು ಹೇಳಿದಳು. ಆಮೇಲೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

"ಬಾಗಿಲಾ ಬಿಟ್ಟು ಸರಿಯೂದಕ್ಕಿಂತ ಮೊದಲ ಕಲ್ಲವ್ವ ಸೊಸಿಗಿ ಏನಂದ್ಲು? ಭಾಳ ನಕ್ಕಿಯಲ್ಲಾ ಉಡಚವ್ವಾ, ಈಗ ನೀನ ಹೇಳ ನೋಡೂಣು!"